ಕಲ್ಲಿದ್ದಲ ಕರಾವಳಿಯ ಪಾರಿವಾಳದ ಮನೆಗಳು

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಸಂಡರ್‌ಲೆಂಡ್ ನಗರದಿಂದ ದಕ್ಷಿಣಕ್ಕೆ ಕಡಲಂಚಿನಲ್ಲೇ ಹೊರಟರೆ ರೈಹೋಪ್, ಸೀಹ್ಯಾಮ್, ಈಸಿಂಗ್ಟನ್, ಹಾರ್ಡನ್ ಎಂಬ ಊರುಗಳು ಒಂದರ ಬೆನ್ನಿಗೆ ಒಂದು ಸಿಗುತ್ತವೆ. ಎಡಕ್ಕೆ ಉತ್ತರ ಸಮುದ್ರ. ಬಲಕ್ಕೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಇಟ್ಟಿಗೆಯ ಸಾಲುಮನೆಗಳು. ಗಾಳಿಗೆ ಇಲ್ಲಿ ಬಿಡುವೆಂಬುದಿಲ್ಲ. ಬೇಸಿಗೆಯಲ್ಲೂ ಕೋಟಿನ ಗುಂಡಿ ಹಾಕಿಕೊಂಡೇ ನಡೆಯಬೇಕು.

ಒಂದು ಕಾಲಕ್ಕೆ ಈ ಊರುಗಳ ನೆತ್ತಿಯ ಮೇಲೆ ಕಲ್ಲಿದ್ದಲು ಗಣಿಯ ದೊಡ್ಡ ಚಕ್ರಗಳು ತಿರುಗುತ್ತಿದ್ದವು. ಸುರಂಗಗಳು ಸಮುದ್ರದ ತಳದಡಿಯಲ್ಲಿ ಮೈಲಿಗಟ್ಟಲೆ ಹೋಗಿದ್ದವು. ಗಣಿಯ ಕಸವನ್ನೆಲ್ಲ ಕಡಲಿಗೇ ಸುರಿದು ಸುರಿದು ದಂಡೆಯ ಮರಳು ಕಪ್ಪಾಗಿತ್ತು. ರೈಹೋಪ್ ಗಣಿ 1966ರಲ್ಲಿ ಮುಚ್ಚಿತು, ಹಾರ್ಡನ್ 1987ರಲ್ಲಿ, ಈಸಿಂಗ್ಟನ್ 1993ರಲ್ಲಿ. ಆಮೇಲೆ 1997ರಿಂದ 2002ರವರೆಗೆ ದೊಡ್ಡ ಯೋಜನೆಯೊಂದನ್ನು ಹಾಕಿಕೊಂಡು ದಂಡೆಯನ್ನು ತೊಳೆದರು. ಈಗ ಅಲ್ಲಿ ಹುಲ್ಲು, ಕಾಡುಹೂವು, ನಡೆದು ಹೋಗುವವರಿಗೊಂದು ಕಾಲುದಾರಿ. ಈಸಿಂಗ್ಟನ್ನಿನ ದಿಬ್ಬದ ಮೇಲೆ ಗಣಿಗೆ ಇಳಿಸುತ್ತಿದ್ದ ಕಬ್ಬಿಣದ ಪಂಜರವೊಂದನ್ನು ನೆನಪಿಗೆಂದು ನಿಲ್ಲಿಸಿದ್ದಾರೆ. 1951ರ ಮೇ ತಿಂಗಳಲ್ಲಿ ಇದೇ ಗಣಿಯಲ್ಲಿ ಸ್ಫೋಟವಾಗಿ 83 ಜನ ಸತ್ತರು. ‘ಬಿಲ್ಲಿ ಎಲಿಯಟ್’ ಚಿತ್ರ ನೋಡಿದವರಿಗೆ ಈ ಊರಿನ ಇಳಿಜಾರು ಬೀದಿಗಳು ಪರಿಚಿತ.

ಚಕ್ರಗಳು ಹೋದವು, ಪಾರಿವಾಳಗಳು ಉಳಿದವು. ಸಾಲುಮನೆಗಳ ಹಿತ್ತಿಲಾಚೆ, ಊರು ಮುಗಿದು ಹೊಲ ಶುರುವಾಗುವ ಕಡೆ, ಪಂಚಾಯಿತಿಯವರು ಬಾಡಿಗೆಗೆ ಕೊಟ್ಟ ತುಂಡು ತುಂಡು ತೋಟಗಳಿವೆ. ಅಲ್ಲಿ ಈರುಳ್ಳಿ, ಕೋಸು, ಆಲೂಗಡ್ಡೆಯ ಪಾತಿಗಳ ನಡುವೆ ಮರದ ಉದ್ದನೆಯ ಮನೆಗಳು. ಬಿಳಿ, ಹಸಿರು, ನೀಲಿ, ಕೆಂಪು ಪಟ್ಟೆ ಬಳಿದವು. ದೂರದಿಂದ ಕಂಡವರು ಜಾತ್ರೆಯ ಅಂಗಡಿಗಳೆಂದು ತಿಳಿದರೆ ತಪ್ಪೇನಿಲ್ಲ. ಸ್ಥಳೀಯರ ಬಾಯಲ್ಲಿ ಇದು ‘ಕ್ರೀ’. ಪಂದ್ಯದ ಪಾರಿವಾಳಗಳ ಮನೆ. ಪಟ್ಟೆ ಬಳಿಯುವುದು ಅಂದಕ್ಕಷ್ಟೇ ಅಲ್ಲ, ಆಕಾಶದಿಂದ ಬರುವ ಹಕ್ಕಿಗೆ ತನ್ನ ಮನೆ ಯಾವುದೆಂದು ಗುರುತು ಸಿಗಲಿ ಎಂದೂ ಹೌದು.

ರೈಹೋಪ್‌ನಲ್ಲಿ 1955ರಲ್ಲಿ ಕಟ್ಟಿದ ಇಂಥದೊಂದು ಕ್ರೀ, ಹಳೆಯ ಇಗರ್ಜಿ ಅರಮನೆಗಳ ಜೊತೆ ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದೆ. ಇನ್ನೂ ಉತ್ತರಕ್ಕೆ ಆಶಿಂಗ್ಟನ್ ಎಂಬ ಗಣಿ ಪಟ್ಟಣವಿದೆ. 1934ರಲ್ಲಿ ಸಂಜೆಯ ತರಗತಿ ಸೇರಿ ಚಿತ್ರ ಬರೆಯಲು ಕಲಿತ ಅಲ್ಲಿನ ಗಣಿಗಾರರು ಸುರಂಗವನ್ನು ಬರೆದಂತೆಯೇ ಪಾರಿವಾಳದ ಮನೆಗಳನ್ನೂ ಬರೆದರು. ಅವರ ಚಿತ್ರಗಳು ವುಡ್‌ಹಾರ್ನ್ ಎಂಬಲ್ಲಿ ಹಳೆಯ ಗಣಿಯ ಜಾಗದಲ್ಲೇ ಇರುವ ಮ್ಯೂಸಿಯಮ್ಮಿನಲ್ಲಿ ತೂಗುತ್ತವೆ.

ನೆಲದಡಿಯ ಕತ್ತಲಲ್ಲಿ ದಿನ ಕಳೆದವನಿಗೆ ಆಕಾಶ ನೋಡುವ ಆಸೆ, ಅದಕ್ಕೇ ಪಾರಿವಾಳ ಎಂದು ಹೇಳುವುದುಂಟು. ಕೇಳಲು ಚೆನ್ನಾಗಿದೆ. ಆದರೆ ಒರಟು ಕಾರಣಗಳೂ ಇವೆ. ಬಾಡಿಗೆಗೆ ತೋಟವಿತ್ತು, ಬಿಟ್ಟಿ ಹಲಗೆಗಳಿದ್ದವು, ಬುಟ್ಟಿಗಟ್ಟಲೆ ಹಕ್ಕಿಗಳನ್ನು ದೂರದೂರಿಗೆ ಒಯ್ದು ಬಿಡಲು ರೈಲಿತ್ತು, ಶನಿವಾರ ಕಟ್ಟುವ ಪಣವಿತ್ತು. ಬೇಟೆಯ ಕುದುರೆ ಸಿರಿವಂತರದಾದರೆ ಪಂದ್ಯದ ಪಾರಿವಾಳ ಕೂಲಿಯವನದು.

ದೇಹ ಸೋತಾಗ

ಈಗ ಈ ತೋಟಗಳಲ್ಲಿ ಕಾಣುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಗಣಿ ಬಿಟ್ಟು ಹೋಯಿತೇ ಹೊರತು ಅವರ ಮೈ ಬಿಟ್ಟು ಹೋಗಲಿಲ್ಲ. ತಗ್ಗಿನ ಸುರಂಗಗಳಲ್ಲಿ ಮಂಡಿಯೂರಿ ದುಡಿದವರ ಮಂಡಿಗಳು ಬಾತು ಗಟ್ಟಿಯಾಗಿವೆ. ಗಡಗಡ ಅಲುಗುವ ಕೊರೆಯಂತ್ರ ಹಿಡಿದವರ ಬೆರಳುಗಳು ಚಳಿಗೆ ಸುಣ್ಣದಂತೆ ಬೆಳ್ಳಗಾಗಿ ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ. ದೂಳು ಕುಡಿದ ಶ್ವಾಸಕೋಶಗಳ ಮಾತು ಬೇರೆ ಹೇಳಬೇಕಿಲ್ಲ. 1998ರ ಹೊತ್ತಿಗೆ ನ್ಯಾಯಾಲಯಗಳು ಗಣಿಗಾರರ ಪರ ತೀರ್ಪು ಕೊಟ್ಟವು. ಮರುವರ್ಷ ಪರಿಹಾರದ ಯೋಜನೆ ಬಂದಾಗ ಬೆರಳಿಗೂ ಉಸಿರಿಗೂ ಸೇರಿ ಲಕ್ಷಗಟ್ಟಲೆ ಅರ್ಜಿಗಳು ಬಿದ್ದವು.

ಇಂಥ ಮೈಯನ್ನು ಹೊತ್ತು ಪಾರಿವಾಳದ ಮನೆಯ ಕೆಲಸ ಮಾಡಬೇಕು. ಅದು ನಿವೃತ್ತರ ಕಾಲಹರಣವಲ್ಲ. ದಿನಕ್ಕೆ ಎರಡು ಸಲ ಕಾಳು, ನೀರು, ಹಕ್ಕಿಗಳನ್ನು ಹಾರಲು ಬಿಡುವುದು, ಒಳಗೆ ಕರೆಯುವುದು. ಬೆಳಿಗ್ಗೆ ಎದ್ದು ನೆಲ, ಗೂಡು, ಕೂರುವ ಅಡ್ಡಪಟ್ಟಿಗಳ ಮೇಲಿನ ಹಿಕ್ಕೆಯನ್ನು ತಗಡಿನಿಂದ ಹೆರೆದು ತೆಗೆಯುವುದು. ಹಕ್ಕಿಯೊಂದು ದಿನಕ್ಕೆ ಸುಮಾರು 30 ಗ್ರಾಂ ತಿನ್ನುತ್ತದೆ. ಅಂದರೆ ಮೂವತ್ತು ಹಕ್ಕಿಗಳಿಗೆ ದಿನಕ್ಕೊಂದು ಕಿಲೋ ಬಟಾಣಿ, ಮೆಕ್ಕೆಜೋಳ, ಗೋಧಿ. ಕಾಳಿನ ಚೀಲ 20ರಿಂದ 25 ಕಿಲೋ ತೂಗುತ್ತದೆ. ಅದನ್ನು ಹೊತ್ತು, ಒದ್ದೆ ಹುಲ್ಲಿನ ಮೇಲೆ ನಡೆದು, ಮೂರು ನಾಲ್ಕು ಮೆಟ್ಟಿಲು ಹತ್ತಬೇಕು.

ಮೆಟ್ಟಿಲು ಇರಲೇಬೇಕೇ? ಪಾರಿವಾಳಕ್ಕೆ ಚಳಿಯ ಭಯವಿಲ್ಲ, ತೇವದ ಭಯ. ಇಲಿ ಹೆಗ್ಗಣಗಳ ಕಾಟ ಇನ್ನೊಂದು. ಹಾಗಾಗಿ ಕ್ರೀಯನ್ನು ಇಟ್ಟಿಗೆಯ ಕಂಬಗಳ ಮೇಲೆ ಎರಡಡಿ ಎತ್ತರಕ್ಕೆ ಏರಿಸಿ, ಕೆಳಗೆ ಗಾಳಿಯಾಡಲು ಬಿಡುವುದು ಹಳೆಯ ಪದ್ಧತಿ. ಹಕ್ಕಿಯ ಆರೋಗ್ಯಕ್ಕೆ ಹಿತವಾದ ಆ ಎರಡಡಿಯೇ ಮುದುಕನ ಪಾಲಿಗೆ ಬೆಟ್ಟವಾಗುತ್ತದೆ.

ಹಾಗಾದರೆ ಮನೆಯ ಪಕ್ಕದಲ್ಲೇ ತಗ್ಗಾದ ಹೊಸ ಕ್ರೀ ಕಟ್ಟಿಸಿಕೊಂಡು ಹಕ್ಕಿಗಳನ್ನು ಅಲ್ಲಿಗೆ ಸಾಗಿಸಬಾರದೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಇಲ್ಲೇ ಇರುವುದು ತೊಡಕು. ಇವು ಮನೆಗೆ ಮರಳುವ ಹಕ್ಕಿಗಳು. ಮನೆಯೆಂದರೆ ಅವುಗಳಿಗೆ ಯಜಮಾನನಲ್ಲ, ಜಾಗ. ಇನ್ನೊಬ್ಬರಿಗೆ ಮಾರಿದರೂ, ಬೇರೆ ಬೀದಿಗೆ ಒಯ್ದರೂ, ಬಿಟ್ಟ ಕೂಡಲೇ ಹಳೆಯ ಮಾಡಿನ ಮೇಲೆ ಬಂದು ಕೂರುತ್ತವೆ. ಅದಕ್ಕೇ ಪಂದ್ಯವಾಡಿದ ಹಳೆಯ ಹಕ್ಕಿಗಳನ್ನು ಕೊಂಡವರು ಅವನ್ನು ಹಾರಲು ಬಿಡುವುದಿಲ್ಲ. ಮರಿ ಹಾಕಿಸಲಿಕ್ಕೆಂದು ಜಾಲರಿಯ ಹಿಂದೆ ಇಟ್ಟುಕೊಳ್ಳುತ್ತಾರೆ. ಅಂಥವಕ್ಕೆ ಅವರ ಭಾಷೆಯಲ್ಲಿ ‘ಕೈದಿ’ಗಳೆಂದೇ ಹೆಸರು.

ಡರ್ಹಮ್ ಜಿಲ್ಲೆಯಲ್ಲಿ ವಯಸ್ಸಾದ ಗಣಿಗಾರರಿಗೆ ಮನೆ ಕಟ್ಟಿಕೊಡಲು 1898ರಲ್ಲೇ ಒಂದು ಸಂಘ ಹುಟ್ಟಿತು. ಗಣಿಗಾರನೂ ಧರ್ಮಬೋಧಕನೂ ಆಗಿದ್ದ ಜೋಸೆಫ್ ಹಾಪರ್ ಅದರ ಮೂಲಪುರುಷ. ಅಟ್ಟವಿಲ್ಲದ, ಮೆಟ್ಟಿಲಿಲ್ಲದ ಆ ಪುಟ್ಟ ಮನೆಗಳು ಇವತ್ತಿಗೂ ಊರೂರಲ್ಲಿ ಇವೆ. ಅಂಥ ಮನೆ ಸಿಗುವುದು ಭಾಗ್ಯವೇ. ಆದರೆ ಅದು ಬೇರೆ ಊರಲ್ಲಿ ಸಿಕ್ಕಿದರೆ ಪಾರಿವಾಳದವನ ಕಷ್ಟ ಹೆಚ್ಚುತ್ತದೆ. ಮನುಷ್ಯ ಹೊಸ ಮನೆಗೆ ಒಗ್ಗಿಕೊಳ್ಳುತ್ತಾನೆ, ಹಕ್ಕಿ ಒಗ್ಗುವುದಿಲ್ಲ.

ಹೊರಗೆ ಹಾಗೇ, ಒಳಗೆ ಬೇರೆ

ಆದ್ದರಿಂದ ಮೈಗೆ ತಕ್ಕಂತೆ ಕ್ರೀಯನ್ನು ತಿದ್ದುವವರು ಮೊದಲು ಕಲಿತ ಪಾಠ ಹೊರಗಿನ ಮುಖವನ್ನು ಮುಟ್ಟಬಾರದು ಎಂಬುದು. ಹಕ್ಕಿ ಬಂದಿಳಿಯುವ ಹಲಗೆ ಅದೇ ಎತ್ತರದಲ್ಲಿ, ಅದೇ ದಿಕ್ಕಿಗೆ, ಅದೇ ಬಣ್ಣದಲ್ಲಿ ಇರಬೇಕು. ನೂರಾರು ಮೈಲಿ ಹಾರಿ ಬಂದ ಪಾರಿವಾಳ ಮುಖ ಬದಲಾದ ಮನೆ ಕಂಡು ಮೇಲೆಯೇ ಸುತ್ತು ಹೊಡೆದರೆ ಪಂದ್ಯ ಹೋಯಿತು. ಇಲ್ಲಿ ಗೆಲುವನ್ನು ಎಣಿಸುವುದು ನಿಮಿಷಕ್ಕೆ ಎಷ್ಟು ಗಜ ಎಂಬ ಲೆಕ್ಕದಲ್ಲಿ. ಪ್ರತಿಯೊಂದು ಕ್ರೀಯ ಜಾಗವನ್ನೂ ಗಜದ ಲೆಕ್ಕಕ್ಕೆ ಅಳೆದು ಸಂಘದ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ.

ಬದಲಾವಣೆ ಏನಿದ್ದರೂ ಪಕ್ಕದಲ್ಲಿ, ಹಿಂದುಗಡೆ, ಒಳಗೆ. ಮೆಟ್ಟಿಲಿನ ಜಾಗಕ್ಕೆ ಇಳಿಜಾರು ಬರುತ್ತದೆ. ಗಾಲಿಕುರ್ಚಿಗೆ ಹನ್ನೆರಡು ಅಡಿ ಉದ್ದಕ್ಕೆ ಒಂದಡಿ ಏರು ಎಂಬುದು ಸಾಮಾನ್ಯ ಲೆಕ್ಕ. ಎರಡಡಿ ಎತ್ತರದ ಕ್ರೀಗೆ ಇಪ್ಪತ್ತನಾಲ್ಕು ಅಡಿ ಇಳಿಜಾರು ಬೇಕಾಯಿತು. ಕ್ರೀಯ ಉದ್ದವೇ ಕೆಲವೊಮ್ಮೆ ಅಷ್ಟಿರುವುದಿಲ್ಲ! ಹಾಗಾಗಿ ನಡುವೆ ಒಂದು ಕಟ್ಟೆ ಮಾಡಿ, ಅಲ್ಲಿಂದ ಹಿಂದಕ್ಕೆ ತಿರುಗಿಸಿ ಏರಿಸಬೇಕು. ಕೋಸಿನ ಪಾತಿಯೊಂದು ಬಲಿಯಾಗುತ್ತದೆ. ಕಡಲ ತುಂತುರಿಗೆ ಹಲಗೆಯ ಮೇಲೆ ಪಾಚಿ ಹಿಡಿದು ಜಾರತೊಡಗಿದರೆ ಕೋಳಿಬಲೆಯ ತಂತಿಯನ್ನು ಮೇಲೆ ಬಿಗಿದು ಮೊಳೆ ಹೊಡೆಯುತ್ತಾರೆ. ಅಂಗಡಿಯಲ್ಲಿ ಸಿಗುವ ದುಬಾರಿ ಪಟ್ಟಿಗಳಿಗಿಂತ ಅದೇ ಮೇಲು. ಗಾಲಿಕುರ್ಚಿಯಿಲ್ಲದೆ ಊರುಗೋಲಿನಲ್ಲೇ ನಡೆಯುವವನಿಗೆ ಇಷ್ಟು ಬೇಡ. ಮೆಟ್ಟಿಲನ್ನು ಅಗಲ ಮಾಡಿ, ಎತ್ತರ ತಗ್ಗಿಸಿ, ಎರಡೂ ಕಡೆ ಕೈಹಿಡಿ ಹಾಕಿದರೆ ಸಾಕು. ಕೆಟ್ಟ ಮಂಡಿಯವರಲ್ಲಿ ಕೆಲವರಿಗೆ ಇಳಿಜಾರಿಗಿಂತ ತಗ್ಗಿನ ಮೆಟ್ಟಿಲೇ ಹಿತ. ಇಳಿಯುವಾಗ ಇಳಿಜಾರು ಮಂಡಿಯನ್ನು ಮುಂದಕ್ಕೆ ದೂಡುತ್ತದೆ.

(ಸಂರಕ್ಷಿತ ಕಟ್ಟಡವಾದರೆ ಇದಕ್ಕೂ ಅನುಮತಿ ಕೇಳಬೇಕು. ಬೇರೆಯವರಿಗೂ ತೋಟದ ಕಾನೂನಿನ ಒಂದು ಕೊಕ್ಕೆ ಇದೆ. 1950ರ ಕಾಯಿದೆ ಬಾಡಿಗೆ ತೋಟದಲ್ಲಿ ಕೋಳಿ, ಮೊಲ ಸಾಕುವ ಹಕ್ಕು ಕೊಟ್ಟಿತು. ಪಾರಿವಾಳದ ಹೆಸರು ಅದರಲ್ಲಿಲ್ಲ. ಅದು ಆಯಾ ಊರಿನವರ ಕೃಪೆ.)

ಒಳಗಿನ ಕಥೆ ಇನ್ನೂ ಸೂಕ್ಷ್ಮ. ಕ್ರೀಯ ಅಗಲ ಸಾಧಾರಣ ಎಂಟಡಿ ಇರಬಹುದು. ಗಾಲಿಕುರ್ಚಿ ಪೂರ್ತಿ ತಿರುಗಲು ಐದಡಿ ಬೇಕು. ಅಷ್ಟು ಜಾಗವನ್ನು ನಡುವೆ ಬಿಟ್ಟರೆ ಹಕ್ಕಿಗೆಲ್ಲಿ ಉಳಿಯಿತು? ಅದಕ್ಕೆ ಹಿಂಬದಿಯಲ್ಲಿ ಮೂರಡಿಯ ಓಣಿಯೊಂದನ್ನು ಉದ್ದಕ್ಕೂ ಬಿಟ್ಟು, ಎರಡು ತುದಿಗೂ ಬಾಗಿಲಿಡುವ ಉಪಾಯವಿದೆ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದು, ತಿರುಗುವ ಮಾತೇ ಇಲ್ಲ. ಬಾಗಿಲು ತೆರೆಯುವಂಥದಲ್ಲ, ಸರಿಯುವಂಥದು. ಹೊಸ್ತಿಲು ತೆಗೆದು ಹಾಕಬೇಕು. ಓಣಿಯಲ್ಲಿ ಕೂತಲ್ಲಿಂದಲೇ ಕಾಳಿನ ತೊಟ್ಟಿ ಎಳೆದು ತುಂಬಬಹುದು, ನೀರಿನ ಪಾತ್ರೆ ತೆಗೆಯಬಹುದು, ಗೂಡಿನ ಹಿಂಬಾಗಿಲು ತೆರೆದು ಮೊಟ್ಟೆ ನೋಡಬಹುದು.

ಇನ್ನೂ ಸುಲಭ ಬೇಕೆಂದರೆ ಎಲ್ಲವನ್ನೂ ಹೊರಗಿನಿಂದಲೇ ಮಾಡಬಹುದು. ಗೋಡೆಗೆ ಕಿಂಡಿಗಳನ್ನು ಕೊರೆದರಾಯಿತು. ಬಡಗಿಗೆ ಇದು ಅರ್ಧ ದಿನದ ಕೆಲಸ. ಆದರೆ ಪಾರಿವಾಳದವರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಅದು ಬರಿಯ ಹಟವೂ ಅಲ್ಲ. ಹಕ್ಕಿಗಳ ನಡುವೆ ಕೂತು, ಒಂದನ್ನು ಅಂಗೈಯಲ್ಲಿ ಹಿಡಿದು, ಎದೆಯ ಮೂಳೆ ಸವರಿ, ರೆಕ್ಕೆ ಬಿಡಿಸಿ ನೋಡಿ, ಇದು ಈ ವಾರ ಹಾರೀತೋ ಇಲ್ಲವೋ ಎಂದು ಅಳೆಯುವುದೇ ಅವರ ವಿದ್ಯೆ. ಕಿಂಡಿಯಲ್ಲಿ ಕಾಳು ಸುರಿಯುವವನಿಗೆ ಪಾರಿವಾಳ ಇದೆ ಎನ್ನಬಹುದು, ಪಂದ್ಯ ಇದೆ ಎನ್ನಲಾಗದು. ಕ್ರೀಯೊಳಗೆ ಒಂದು ಕುರ್ಚಿಗೆ ಜಾಗವಿರುವುದೇ ನಿಜವಾದ ತಿದ್ದುಪಡಿ, ಉಳಿದದ್ದೆಲ್ಲ ಅದಕ್ಕೆ ಪೂರಕ.

ಕೂತವನ ಕೈಗೆ ಹಕ್ಕಿ ಸಿಗಬೇಕಲ್ಲ? ಪಾರಿವಾಳದಲ್ಲೂ ಅಂತಸ್ತುಂಟು. ಬಲಶಾಲಿ ಗಂಡು ಎಲ್ಲಕ್ಕಿಂತ ಮೇಲಿನ ಅಡ್ಡೆಯನ್ನೇ ಹಿಡಿಯುತ್ತದೆ. ಗೋಡೆಯ ಮೇಲೆ ಆರಡಿಯವರೆಗೂ ಚೌಕದ ಅಡ್ಡೆಗಳಿದ್ದರೆ ಒಳ್ಳೆಯ ಹಕ್ಕಿಯೆಲ್ಲ ಕೈಗೆಟುಕದ ಎತ್ತರದಲ್ಲಿ ಕುಳಿತಿರುತ್ತದೆ. ಮೇಲಿನ ಸಾಲುಗಳನ್ನು ಕಿತ್ತು ಹಾಕಿದರೆ ಅವು ತೊಲೆಯ ಮೇಲೆ ಹೋಗಿ ಕೂರುತ್ತವೆ. ಆದ್ದರಿಂದ ಮಾಡಿನ ಕೆಳಗೆ ಮರದ ಪಟ್ಟಿಗಳದ್ದೋ ಬಲೆಯದ್ದೋ ಸುಳ್ಳುಮಾಡೊಂದನ್ನು ಇಳಿಸಿ, ಗಾಳಿ ಮೇಲೆ ಹೋಗಲು ಬಿಟ್ಟು, ಹಕ್ಕಿ ಮಾತ್ರ ಕೆಳಗುಳಿಯುವಂತೆ ಮಾಡುತ್ತಾರೆ. ಬೆಲ್ಜಿಯಮ್ಮಿನವರು ಕೈಕಾಲು ಗಟ್ಟಿಯಿದ್ದಾಗಲೇ ತಗ್ಗಿನ ಮಾಡನ್ನು ಮೆಚ್ಚಿದವರು. ತಲೆಯ ಮೇಲೆ ಹಾರಾಡಲು ಎಡೆಯಿಲ್ಲದಿದ್ದರೆ ಹಕ್ಕಿ ಬೇಗ ಪಳಗುತ್ತದೆ ಎಂಬುದು ಅವರ ವಾದ.

ಹೆರೆಯುವ ಕೆಲಸಕ್ಕೆ ಜಾಲರಿ ನೆಲ ಒಂದು ಪರಿಹಾರ. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುತ್ತದೆ. ದಿನವೂ ಬಗ್ಗಬೇಕಿಲ್ಲ. ಯಾವಾಗಲಾದರೊಮ್ಮೆ ಹೊರಗಿನ ಕಿಂಡಿ ತೆರೆದು ಕುಂಟೆಯಿಂದ ಎಳೆದು ಹಾಕಿದರಾಯಿತು. ಊರುಗೋಲಿನ ತುದಿ ಸಿಕ್ಕಿಕೊಳ್ಳದಷ್ಟು ಸಂದಿ ಸಣ್ಣದಿರಬೇಕು ಎಂಬುದನ್ನು ಮಾತ್ರ ಮರೆಯಬಾರದು. ಕೆಲವರು ನೆಲದ ಮೇಲೆ ಮರದ ಸಿಪ್ಪೆಯನ್ನು ದಪ್ಪಗೆ ಹರಡಿ ಬಿಟ್ಟುಬಿಡುತ್ತಾರೆ. ಒಣಗಿದ್ದಷ್ಟು ಕಾಲ ಅದೂ ಚೆನ್ನ. ಒದ್ದೆಯಾದರೆ ರೋಗದ ತವರು.

ದೂಳಿನ ಮೇಲೆ ದೂಳು

ಗಣಿಯ ದೂಳಿನಿಂದ ಹಾಗೂ ಹೀಗೂ ಪಾರಾಗಿ ಬಂದವನಿಗೆ ಇಲ್ಲಿ ಇನ್ನೊಂದು ದೂಳು ಕಾದಿರುತ್ತದೆ. ಪಾರಿವಾಳದ ಗರಿಯ ಮೇಲೆ ನಯವಾದ ಬಿಳಿಯ ಪುಡಿಯಿರುತ್ತದೆ. ಅದು ಮತ್ತು ಒಣಗಿದ ಹಿಕ್ಕೆಯ ಪುಡಿ ವರ್ಷಗಟ್ಟಲೆ ಉಸಿರಿಗೆ ಸೇರಿದರೆ ಕೆಲವರ ಶ್ವಾಸಕೋಶ ತಿರುಗಿ ಬೀಳುತ್ತದೆ. ಕ್ರೀಯಿಂದ ಬಂದ ನಾಲ್ಕೆಂಟು ಗಂಟೆಯ ಮೇಲೆ ಜ್ವರ, ಒಣಕೆಮ್ಮು, ಏದುಸಿರು. ಮರುದಿನ ಇಳಿಯುತ್ತದೆ, ಶೀತವೆಂದು ಸುಮ್ಮನಾಗುತ್ತಾರೆ. ಸುಮ್ಮನಾಗುತ್ತಾ ಹೋದರೆ ಶ್ವಾಸಕೋಶ ಗಡುಸಾಗಿ ಮತ್ತೆ ಸರಿಹೋಗದು. ವೈದ್ಯರು ಇದಕ್ಕೆ ‘ಪಾರಿವಾಳ ಸಾಕುವವರ ಶ್ವಾಸಕೋಶ’ ಎಂದೇ ಹೆಸರಿಟ್ಟಿದ್ದಾರೆ. ವಿಚಿತ್ರವೆಂದರೆ ಈ ಬಿಳಿಪುಡಿ ಹೆಚ್ಚಿದ್ದಷ್ಟೂ ಹಕ್ಕಿ ಆರೋಗ್ಯವಾಗಿದೆಯೆಂದು ಅರ್ಥ. ಯಜಮಾನ ಹಿಗ್ಗುವ ಕಾರಣವೇ ಅವನನ್ನು ಕೆಡಿಸುತ್ತದೆ.

ಹಕ್ಕಿಗಳನ್ನು ಬಿಟ್ಟುಬಿಡಿ ಎಂಬುದು ವೈದ್ಯರ ಮೊದಲ ಮಾತು. ಬಿಡುವವರು ಕಡಿಮೆ ಎಂಬುದು ವೈದ್ಯರಿಗೂ ಗೊತ್ತು. ಹಾಗಾಗಿಯೇ ಈ ರೋಗವನ್ನು ಅಧ್ಯಯನ ಮಾಡಲು ಪಾರಿವಾಳದವರದೇ ಒಂದು ವೈದ್ಯಕೀಯ ಟ್ರಸ್ಟ್ ಆ ದೇಶದಲ್ಲಿದೆ. ಬ್ಲ್ಯಾಕ್‌ಪೂಲಿನ ವಿಂಟರ್ ಗಾರ್ಡನ್ಸ್‌ನಲ್ಲಿ ಜನವರಿಯಲ್ಲಿ ನಡೆಯುತ್ತ ಬಂದ ದೊಡ್ಡ ಪ್ರದರ್ಶನಕ್ಕೆ ಹೋದವರು ಹಕ್ಕಿ ನೋಡುವುದರ ಜೊತೆಗೆ ತೋಳು ಚಾಚಿ ರಕ್ತವನ್ನೂ ಕೊಟ್ಟು ಬಂದದ್ದುಂಟು. ಬಿಡಲಾರದವರಿಗೆ ಉಳಿದ ದಾರಿ ಕ್ರೀಯನ್ನೇ ತಿದ್ದುವುದು. ಮಾಡಿನ ನೆತ್ತಿಯುದ್ದಕ್ಕೂ ಗಾಳಿಗಿಂಡಿ, ಹೆರೆಯುವ ಮೊದಲು ನೀರಿನ ತುಂತುರು, ಸಣ್ಣ ದೂಳನ್ನೂ ತಡೆಯುವ ಬಿಗಿಯಾದ ಮುಖವಾಡ. ಕ್ರೀಯ ಕೋಟು, ಟೋಪಿ ಕ್ರೀಯಲ್ಲೇ ಉಳಿಯಬೇಕು, ಅಡುಗೆಮನೆಯ ಮೊಳೆಗೆ ತೂಗಬಾರದು. ಮೊದಲೇ ಉಸಿರು ಸಾಲದವನಿಗೆ ಬಿಗಿ ಮುಖವಾಡ ಹಾಕಿ ಕೆಲಸ ಮಾಡುವುದೂ ಕಷ್ಟ. ಅಂಥವರಿಗೆ ಬ್ಯಾಟರಿಯಿಂದ ಗಾಳಿಯೂದುವ ಶಿರಸ್ತ್ರಾಣಗಳಿವೆ. ಅದನ್ನು ಧರಿಸಿ ಒಳಗೆ ಹೋದ ಮೊದಲ ದಿನ ಹಕ್ಕಿಗಳೆಲ್ಲ ಗಾಬರಿ ಬಿದ್ದರೆ ಆಶ್ಚರ್ಯವಿಲ್ಲ.

ಇನ್ನು ಬೆರಳುಗಳ ಮಾತು. ಮರಿಗೆ ಒಂದು ವಾರವಾದಾಗ ಕಾಲಿಗೆ ಉಂಗುರ ತೊಡಿಸಬೇಕು. ಮುಂದಿನ ಮೂರು ಬೆರಳು ಕೂಡಿಸಿ ಉಂಗುರ ತೂರಿಸಿ, ಹಿಂಬೆರಳ ಮೇಲಿಂದ ಸರಿಸಿ, ಆ ಹಿಂಬೆರಳನ್ನು ಕಡ್ಡಿಯಿಂದ ಮೆಲ್ಲನೆ ಬಿಡಿಸಬೇಕು. ಎರಡು ಮೂರು ದಿನ ತಡವಾದರೆ ಕಾಲು ದಪ್ಪವಾಗಿ ಉಂಗುರ ಹೋಗದು. ಉಂಗುರವಿಲ್ಲದ ಹಕ್ಕಿಗೆ ಪಂದ್ಯವಿಲ್ಲ. ಚಳಿಯಲ್ಲಿ ಬೆಳ್ಳಗಾಗಿ ಮರಗಟ್ಟಿದ ಬೆರಳಿಗೆ ಇದು ಆಗುವ ಕೆಲಸವಲ್ಲ. ಮರಿಯನ್ನು ಟೋಪಿಯಲ್ಲಿಟ್ಟುಕೊಂಡು ಬೆಚ್ಚನೆಯ ಅಡುಗೆಮನೆಗೆ ತರುವುದು, ಇಲ್ಲವೇ ಮೊಮ್ಮಗಳ ಬೆರಳನ್ನು ಕಡ ತೆಗೆದುಕೊಳ್ಳುವುದು, ಇವೆರಡೇ ಉಪಾಯ.

ಪಂದ್ಯದ ದಿನದ ಫಜೀತಿಯನ್ನು ಮಾತ್ರ ಯಂತ್ರ ಪರಿಹರಿಸಿತು. ಹಿಂದೆ ಹಕ್ಕಿ ಬಂದೊಡನೆ ಹಿಡಿದು, ಕಾಲಿನ ರಬ್ಬರ್ ಪಟ್ಟಿ ಬಿಚ್ಚಿ, ಪುಟ್ಟ ಲೋಹದ ಡಬ್ಬಿಗೆ ಹಾಕಿ, ಗಡಿಯಾರದ ಪೆಟ್ಟಿಗೆಯ ಬಾಯಿಗಿಟ್ಟು ಗುಂಡಿ ಒತ್ತಬೇಕಿತ್ತು. ನಡುಗುವ ಕೈಯವನು ಹಕ್ಕಿ ಗಳಿಸಿದ ನಿಮಿಷವನ್ನು ತಾನೇ ಕಳೆಯುತ್ತಿದ್ದ. 1990ರ ದಶಕದಿಂದೀಚೆಗೆ ಹಕ್ಕಿಯ ಕಾಲಿಗೇ ಚಿಪ್ಪಿನ ಉಂಗುರ ಬಂದಿದೆ. ಬಾಗಿಲ ಹಲಗೆಯ ಮೇಲೆ ಕಾಲಿಟ್ಟೊಡನೆ ಸಮಯ ತಾನಾಗಿ ದಾಖಲಾಗುತ್ತದೆ. ಹಳಬರಲ್ಲಿ ಕೆಲವರು ಗೊಣಗಿದರೂ ಈ ಬೆಳ್ಳಬೆರಳಿನವರಿಗೆ ಇದರಷ್ಟು ಉಪಕಾರ ಬೇರೆ ಯಾವುದೂ ಮಾಡಿಲ್ಲ.

ಎಲ್ಲ ಊರಿನ ಪಾರಿವಾಳದ ಮನೆಯೂ ಹೀಗೆ ಬಾಗುವುದಿಲ್ಲ. ಸ್ಕಾಟ್ಲೆಂಡಿನ ಗ್ಲ್ಯಾಸ್ಗೊದಲ್ಲಿ ಒಬ್ಬರ ಹಕ್ಕಿಯನ್ನು ಇನ್ನೊಬ್ಬರ ಹಕ್ಕಿ ಮರುಳುಮಾಡಿ ಕರೆತರುವ ಆಟವುಂಟು. ಅಲ್ಲಿನ ‘ಡೂಕಿಟ್’ ಗೋಪುರದಂತೆ ಎತ್ತರಕ್ಕೆ ನಿಂತ ತಗಡಿನ ಪೆಟ್ಟಿಗೆ, ಒಳಗೆ ಏಣಿ. ಮಂಡಿ ಹೋದವನಿಗೆ ಆಟವೂ ಹೋಯಿತು. ನಮ್ಮ ಬೆಂಗಳೂರಿನಲ್ಲಿ ಪಂದ್ಯದ ಹಕ್ಕಿ ಸಾಕುವವರ ಗೂಡುಗಳು ತಾರಸಿಯ ಮೇಲಿರುವುದರಿಂದ ಅವರ ಕಷ್ಟವೂ ಇದೇ ಜಾತಿಯದು. ಎರಡಡಿಯನ್ನು ಇಳಿಜಾರಿನಿಂದ ಗೆಲ್ಲಬಹುದು, ಎರಡು ಮಹಡಿಯನ್ನು ಹೇಗೆ ಗೆಲ್ಲುವುದು?

ಎಷ್ಟೇ ತಿದ್ದಿದರೂ ಕೊನೆಗೆ ಹಕ್ಕಿಗಳ ಲೆಕ್ಕವನ್ನೇ ತಿದ್ದಬೇಕಾಗುತ್ತದೆ. ಎಂಬತ್ತು ಇದ್ದದ್ದು ನಲವತ್ತಾಗಿ, ಹದಿನಾರಕ್ಕೆ ಬರುತ್ತದೆ. ಯಾವುದನ್ನು ಉಳಿಸಿಕೊಳ್ಳುವುದು ಎಂದು ಆರಿಸುವುದೇ ಎಲ್ಲಕ್ಕಿಂತ ಭಾರದ ಕೆಲಸ. ಬಡಗಿ ಅದಕ್ಕೆ ಒದಗುವುದಿಲ್ಲ. ಹದಿನಾರು ಹಕ್ಕಿಗೆ ಒಂದು ಚೀಲ ಕಾಳು ಒಂದೂವರೆ ತಿಂಗಳು ಬರುತ್ತದೆ. ಅದನ್ನು ಅಂಗಡಿಯ ಹುಡುಗನೇ ಸಣ್ಣ ಡಬ್ಬಿಗಳಿಗೆ ಹಂಚಿ ಇಟ್ಟು ಹೋದರೆ ಎತ್ತುವ ಕೆಲಸವಿಲ್ಲ.

ಹಕ್ಕಿ ಒಪ್ಪಿಸುವ ರಾತ್ರಿ ಬುಟ್ಟಿಯನ್ನು ಕ್ಲಬ್ಬಿಗೆ ಮುಟ್ಟಿಸಬೇಕು. ಅಲ್ಲಿಂದ ಲಾರಿ ರಾತ್ರೋರಾತ್ರಿ ದಕ್ಷಿಣಕ್ಕೆ ಹೊರಡುತ್ತದೆ. ಇಪ್ಪತ್ತು ಹಕ್ಕಿಯ ಹಳೆಯ ಬೆತ್ತದ ಪೆಟ್ಟಿಗೆ ಒಬ್ಬರಿಂದ ಏಳದು. ನಾಲ್ಕು ಹಕ್ಕಿಯ ಹಗುರ ಬುಟ್ಟಿಯನ್ನು ಪಕ್ಕದ ತೋಟದವನು ತನ್ನದರ ಜೊತೆಗೇ ಒಯ್ಯುತ್ತಾನೆ, ಅವನು ಅದೇ ಪಂದ್ಯದಲ್ಲಿ ಎದುರಾಳಿಯಾಗಿದ್ದರೂ ಸರಿಯೇ. ಫಲಿತಾಂಶದ ಪಟ್ಟಿಯಲ್ಲಿ ‘ಶ್ರೀ ಮತ್ತು ಶ್ರೀಮತಿ’ ಎಂದೋ ‘ಮತ್ತು ಮಗ’ ಎಂದೋ ಜಂಟಿ ಹೆಸರುಗಳು ಹಿಂದಿನಿಂದಲೂ ಇವೆ. ಯಾರು ಹೆರೆಯುತ್ತಾರೆ, ಯಾರು ಹೊರುತ್ತಾರೆ, ಯಾರು ಕುರ್ಚಿಯಲ್ಲಿ ಕೂತು ಹಕ್ಕಿಯ ಎದೆ ಸವರುತ್ತಾರೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಶನಿವಾರ ಮಧ್ಯಾಹ್ನ ಈಸಿಂಗ್ಟನ್ನಿನ ತೋಟಗಳ ಕಡೆ ಹೋದರೆ ಇಳಿಜಾರಿನ ಕಟ್ಟೆಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿದ ಕುರ್ಚಿ, ತೊಡೆಯ ಮೇಲೆ ಕಾಳಿನ ತಗಡಿನ ಡಬ್ಬಿ. ಆಕಾಶದಲ್ಲಿ ಚುಕ್ಕಿಯೊಂದು ಕಂಡ ಕೂಡಲೇ ಡಬ್ಬಿ ಅಲುಗಾಡಿಸುವ ಸದ್ದು ಕೇಳುತ್ತದೆ.